ಅಂಗಿ ಜೇಬಿನ ನೂರಿಪ್ಪತ್ತು ಓಮ್

ಅಣ್ಣ,

ನಿನ್ನ ಅಂಗಿ ಒಗೆದೆ. ಜೇಬಿನಲ್ಲಿ ನೂರಿಪ್ಪತ್ತು ಓಮ್‌ನ ರೆಸಿಸ್ಟರ್ ಸಿಕ್ಕಿತು. ನಿನ್ನೆ ಕೋಲ್ಡ್ ಸ್ಟೋರೇಜಿನಲ್ಲಿ ನಾವು ಎಳೆದ ಮೀಟರ್ ಕೇಬಲ್ಲಿನ ತುದಿಗೆ ನೀನು ಹಾಕಬೇಕಾಗಿದ್ದುದು ಇದನ್ನೇ! ಕೇಬಲ್ಲಿಗೆ ಸರಿಹೊಂದುವ ರೆಸಿಸ್ಟರ್ ತುದಿಯಲ್ಲಿ ಇಲ್ಲದಿದ್ದರೆ ಸಿಗ್ನಲ್ ಗೋಡೆಗೆ ಬಡಿದ ಚೆಂಡಿನಂತೆ ವಾಪಸು ಬಂದು ಎಲ್ಲ ಕಲಸಿಹೋಗುತ್ತದೆ ಎಂದು ಕಲಿಸಿದವನೇ ನೀನು. ಮೀಟರ್ ಹುಚ್ಚುಹುಚ್ಚಾಗಿ ಅಂಕಿ ತೋರಿಸಿದಾಗ ಮಾತ್ರ ನೀನು ನನ್ನ ಕಡೆ ಕೈ ತೋರಿಸಿ ಅಲ್ಲಿನ ಮಾಲೀಕರಿಗೆ, "ಶಾಲೆ ಬಿಟ್ಟವಳು ಸಾರ್, ಜೋಡಿ ತಂತಿಯ ಹುರಿಯೆಲ್ಲ ಬಿಚ್ಚಿಬಿಟ್ಟಿದಾಳೆ" ಅಂದೆ. "ಇನ್ಮೇಲೆ ಅವಳನ್ನ ಕರ್ಕೊಂಡು ಬರಬೇಡಿ" ಅಂದರು ಅವರು. ಕುಣಿಯಲಾರದವನಿಗೆ ನೆಲ ಡೊಂಕು! ಸಿಗ್ನಲ್ ಕೆಡದಂತೆ ಹೊಸೆದ ಆ ತಂತಿಗಳನ್ನು, ತುದಿ ಜೋಡಿಸಲು ಬೇಕಾದ್ದಕ್ಕಿಂತ ಒಂದು ಸುತ್ತೂ ಹೆಚ್ಚು ನಾನು ಬಿಚ್ಚಿರಲಿಲ್ಲ.

ಊಟ ಒಲೆಯ ಮೇಲಿದೆ. ರೆಸಿಸ್ಟರ್ ನಿನ್ನ ತಟ್ಟೆಯಲ್ಲಿದೆ. ಇವತ್ತು ಅಲ್ಲಿಗೆ ಹೋಗಿ ಇದನ್ನು ಹಾಕುವಾಗ, ತಪ್ಪು ಯಾರದೆಂದು ನೀನೇ ಮಾಲೀಕರಿಗೆ ಹೇಳು.