ಹೆಸರು ಕೊರೆಸಿದ ಗಂಗಾಳ

ತಮ್ಮ ಪ್ರಬುದ್ಧ,

ಇವತ್ತು ಚಿತ್ತಾಪುರದ ವಕೀಲರು ನನ್ನನ್ನು ಉಪನ್ಯಾಸಕ್ಕೆ ಕರೆದಿದ್ದರು. ಶಿಕ್ಷೆ ಯಾಕೆ ಕೊಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನೇ ಮೂವತ್ತು ವರ್ಷ ಕಲಿಸಿ, ಮೂರು ಪುಸ್ತಕ ಬರೆದವರು ಎಂದು ಪರಿಚಯಿಸಿದರು. ಒಬ್ಬ ವಕೀಲ ಎದ್ದು ನಿಂತು, "ಶಿಕ್ಷಾ ಮುಗಿಸಿ ಮನಿಗಿ ಬಂದಾಂವಗ ಮುಂದೇನ್ರಿ ಮೇಡಂ?" ಎಂದು ಕೇಳಿದ.

"ಮುಂದೇನೂ ಇಲ್ಲ. ಕೋರ್ಟು ಹೇಳಿದ್ದಕ್ಕೆ ಒಂದು ದಿನವನ್ನೂ ಯಾರೂ ಸೇರಿಸುವಂತಿಲ್ಲ," ಎಂದೆ. ಚಪ್ಪಾಳೆ ತಟ್ಟಿದರು.

ಅಲ್ಲಿಂದ ದಂಡೋತಿಗೆ, ನಿನ್ನ ಮನೆಗೆ ಹೋದೆ. ನೀನು ತೀರಿಕೊಂಡಾಗ ಮಣ್ಣಿಗೆ ಬಂದು ಹೋದ ಮೇಲೆ ಇದೇ ಮೊದಲು. ನಿನ್ನ ಹೆಂಡತಿ ಸುಮಂಗಲಾ ರೊಟ್ಟಿ, ಪುಂಡಿಪಲ್ಯ ಮಾಡಿದ್ದಳು. ನೀನು ಜೈಲಿನಿಂದ ಬಂದ ಮೇಲೆ ಉಣ್ಣುತ್ತಿದ್ದ ಸ್ಟೀಲಿನ ಗಂಗಾಳ ಗೂಡಿನಲ್ಲಿ ಇನ್ನೂ ಬೇರೆಯೇ ಇತ್ತು. ಅದರಲ್ಲೇ ಬಡಿಸು ಎಂದೆ.

"ಬ್ಯಾಡ್ರಿ ಅಕ್ಕಾರ, ಅದು ಅವ್ರದು. ಉಳಿದವ್ರ ಗಂಗಾಳದಾಗ ಬೆರಿಬಾರ್ದಂತ ನೀವಽ ಶಹಾಬಾದಿನಾಗ ಹೆಸರು ಕೊರಿಸಿ ತಂದಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೇರೆ ಗಂಗಾಳ ತಂದಳು. ನಾನು ಎರಡು ರೊಟ್ಟಿ ಉಂಡೆ.

ಕೋರ್ಟು ನಿನಗೆ ಕೊಟ್ಟದ್ದು ಏಳು ವರ್ಷ. ಆ ಗಂಗಾಳದಲ್ಲಿ ನೀನು ಹನ್ನೊಂದು ವರ್ಷ ಉಂಡೆ.

ನಿನ್ನ ಅಕ್ಕ,
ಲುಂಬಿನಿ