ಮನೆಗೊಂದು ಮತ

ಲಾಂಡ್ರಿಯ ಹಿಂದಿನ ಕೋಣೆಯಿಂದ
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಹೋದ ವಾರ ನಾನು ಫೋನ್ ಮಾಡಿದಾಗ ಸೊಸೆ ಎತ್ತಿಕೊಂಡು "ಅವರು ಮನೇಲಿಲ್ಲ ಅತ್ತೆ, ಹೊರಗೆ ಹೋಗಿದಾರೆ" ಎನ್ನುತ್ತಿದ್ದಳು, ಅವಳ ಬೆನ್ನ ಹಿಂದೆಯೇ ನೀನು ಕೆಮ್ಮುತ್ತಿದ್ದೆ. ನೀನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಕೆಮ್ಮು ಅದು, ನನಗೆ ಗುರುತು ಸಿಗುವುದಿಲ್ಲವೇ? ಅವಳನ್ನು ಬಯ್ಯಬೇಡ. ಸುಳ್ಳು ಹೇಳುವ ಕೆಲಸವನ್ನು ಅವಳ ತಲೆಗೆ ಕಟ್ಟಿದ್ದು ನೀನು. ಮಲಗುವ ಮುಂಚೆ ಬಿಸಿನೀರು ಕುಡಿ. ಆ ಪ್ರಚಾರದ ಕಚೇರಿಯ ತಣ್ಣನೆಯ ನೆಲದ ಮೇಲೆ ಕೂತು ಕರಪತ್ರ ಮಡಚಬೇಡ, ಕುರ್ಚಿ ಕೇಳಿ ತೆಗೆದುಕೋ. ದೊಡ್ಡವಳ ನರ್ಸಿಂಗ್ ಪರೀಕ್ಷೆ ಏನಾಯಿತು? ಚಿಕ್ಕವನು ಈಗಲೂ ಕೂದಲನ್ನು ಕಣ್ಣಿಗೆ ಬೀಳುವ ಹಾಗೆ ಬಿಟ್ಟುಕೊಂಡಿದ್ದಾನೆಯೇ? ಅಜ್ಜಿ ಕೇಳಿದಳೆಂದು ಇಬ್ಬರಿಗೂ ಹೇಳು.

ನಾನು ಇದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವುದು ಈಗ ನಿಮ್ಮ ಭಾವ. ಪಾಪ, ಮೈಮುರಿದು ದುಡಿಯುತ್ತಾರೆ, ಆದರೆ ಅವರು ಕಾಲರ್ ಇಸ್ತ್ರಿ ಮಾಡುವುದನ್ನು ನೋಡಿದ್ದರೆ ನಿಮ್ಮಪ್ಪ ತಲೆ ಚಚ್ಚಿಕೊಳ್ಳುತ್ತಿದ್ದರು. ತುದಿಯಿಂದ ಒಳಕ್ಕೆ ಒತ್ತಬೇಕಾದ್ದನ್ನು ನಡುವಿನಿಂದ ತುದಿಗೆ ಒತ್ತುತ್ತಾರೆ, ತುದಿಯಲ್ಲಿ ಬಟ್ಟೆ ಸುಕ್ಕಾಗಿ ನಿಲ್ಲುತ್ತದೆ. ನಾನು ಬಾಯಿ ಬಿಡುವುದಿಲ್ಲ. ಗಿರಾಕಿಗಳೂ ಬಿಡುತ್ತಿಲ್ಲ. ನಿಮ್ಮಕ್ಕ ಪಕ್ಕದಲ್ಲಿ ನಿಂತಿದ್ದರೆ ಸರಿ ಮಾಡುತ್ತಿದ್ದಳು, ಆದರೆ ಅವಳು ಅಂಗಡಿಗೆ ಬರುತ್ತಿಲ್ಲ. ಅಪ್ಪ ಹೋದ ಮೇಲೆ ನೀನು ಇದೇ ಇಸ್ತ್ರಿ ಮೇಜಿನ ಮುಂದೆ ನಿಂತು, ಎಲ್ಲರ ಎದುರಿಗೆ, "ನೀನೇ ಅಪ್ಪನ್ನ ಕಳಿಸಿಬಿಟ್ಟೆ ಅಕ್ಕ" ಅಂದೆಯಲ್ಲ, ಆವತ್ತಿನಿಂದ ಅವಳು ಈ ಹೊಸಿಲು ದಾಟಿಲ್ಲ. ಊಟವನ್ನು ಅರ್ಧಕ್ಕೇ ಬಿಡುತ್ತಾಳೆ, ಸ್ನಾನ ಮಾಡಿಸಬೇಕು, ಬಟ್ಟೆ ಬದಲಿಸು ಎಂದು ಹೇಳಬೇಕು. ಸಂಜೆ ನಾನು ಹೋಗಿ ತಲೆ ಬಾಚಿ ಬರುತ್ತೇನೆ, ಐವತ್ತರ ಹತ್ತಿರದ ಮಗಳಿಗೆ. ಅವಳು ಹೀಗೇ ಕರಗಿ ಹೋಗುತ್ತಾಳೇನೋ ಎಂದು ನನಗೆ ಭಯವಾಗಿದೆ. ಅದಕ್ಕೇ ಈ ಪತ್ರ. ಈ ಭಾನುವಾರ ಹೇಗಿದ್ದರೂ ನೀನು ಓಟು ಹಾಕಲು ಈ ಊರಿಗೆ ಬರಲೇಬೇಕು, ನಿನ್ನ ಹೆಸರು ಇನ್ನೂ ಇಲ್ಲಿಯ ಮತದಾರರ ಪಟ್ಟಿಯಲ್ಲೇ ಇದೆ. ಓಟು ಹಾಕಿ ಹಾಗೇ ಬಸ್ಸು ಹತ್ತಬೇಡ. ಅಕ್ಕನ ಮನೆಗೆ ಹೋಗು.

ಭಾನುವಾರದ ಜನಮತಗಣನೆಯ ಮಾತು ಬಿಟ್ಟರೆ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ದೇಶದ ಅಧ್ಯಕ್ಷರನ್ನು ಈಗಿನ ಹಾಗೆ ಪ್ರಾಂತ್ಯಕ್ಕೊಂದು ಮತದ ಲೆಕ್ಕದಲ್ಲೇ ಆರಿಸಬೇಕೋ, ಇಲ್ಲ ಪ್ರತಿಯೊಬ್ಬರ ಓಟನ್ನೂ ನೇರವಾಗಿ ಎಣಿಸಬೇಕೋ ಎಂದು ಜನ ಬಟ್ಟೆ ಕೊಡಲು ಬಂದವರು ಬಟ್ಟೆಯನ್ನೇ ಮರೆತು ಕಾದಾಡುತ್ತಾರೆ. ಇತಿಹಾಸದ ಮೇಷ್ಟರು ಹಳೆಯ ಪದ್ಧತಿಯ ಕಡೆ. "ತಲೆ ಎಣಿಸೋಕೆ ಹೊರಟ್ರೆ ರಾಜಧಾನಿಯ ನಾಲ್ಕು ಬೀದಿ ಸಾಕು ತಾಯಿ, ನಮ್ಮ ಪ್ರಾಂತ್ಯದ ಕತೆ ಮುಗೀತು. ಆಮೇಲೆ ನಮ್ಮ ಸೇತುವೆ ಬಿದ್ರೆ ಯಾರ್ ಕೇಳ್ತಾರೆ?" ಎನ್ನುತ್ತಾರೆ. ಎಲ್ಲರೂ ಮೀಟರ್ ಎಂದು ಕರೆಯುವ ಟ್ಯಾಕ್ಸಿಯವನು ಗೊತ್ತಲ್ಲ ನಿನಗೆ, ಬಾಯಿ ಬಿಟ್ಟರೆ ನಿಲ್ಲದವನು, ಅವನು ನಿನ್ನ ಹಾಗೆ ನೇರ ಎಣಿಕೆಯ ಕಡೆ. "ಇಪ್ಪತ್ತು ವರ್ಷದಿಂದ ಇಲ್ಲಿ ಸೋಲೋ ಪಕ್ಷಕ್ಕೇ ಹಾಕ್ತಿದೀನಿ. ಸೋತಿದ್ದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ಗೆದ್ದೋರು ಇಡೀ ಪ್ರಾಂತ್ಯ ನಮ್ದು ಅಂತ ನನ್ನ ತಲೇನೂ ಸೇರಿಸ್ಕೊಂಡು ಹೋಗ್ತಾರಲ್ಲ, ಅದಕ್ಕೇ ಉರಿಯೋದು" ಎನ್ನುತ್ತಾನೆ. ಔಷಧಿ ಅಂಗಡಿಯ ಅಮ್ಮನದು ಮೂರನೇ ದಾರಿ. ನೇರ ಚುನಾವಣೆಯೇ ಆಗಲಿ, ಆದರೆ ಯಾರಿಗೂ ಅರ್ಧಕ್ಕಿಂತ ಹೆಚ್ಚು ಓಟು ಬರದಿದ್ದರೆ ಮೊದಲ ಇಬ್ಬರನ್ನು ನಿಲ್ಲಿಸಿ ಎರಡನೇ ಸಲ ಓಟು ಹಾಕಿಸಬೇಕಂತೆ. ಐದು ಜನ ನಿಂತು ಕಾಲುಭಾಗ ಬಂದವನು ಗೆದ್ದರೆ ಮುಕ್ಕಾಲು ಜನಕ್ಕೆ ಬೇಡವಾದವನೇ ಅಧ್ಯಕ್ಷನಾದ ಹಾಗಲ್ಲವೇ ಎಂದು ಅವರ ಪ್ರಶ್ನೆ. ಮೂವರ ಮಾತು ಕೇಳಿದಾಗಲೂ ನನಗೆ ಹೌದಲ್ಲ ಅನಿಸುತ್ತದೆ. ಅದಕ್ಕೆ ಮೂವರಿಂದಲೂ ಬೈಸಿಕೊಳ್ಳುತ್ತೇನೆ.

ನಿಮ್ಮಪ್ಪ ಯಾವ ಕಡೆ ಎಂದು ನಿನಗೆ ಹೇಳಬೇಕಾಗಿಲ್ಲ. ಹಿಂದಿನ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ನಮ್ಮ ಬೀದಿಗೆ ಬಂದು, ಮೈಮೇಲೆ ಚಹಾ ಚೆಲ್ಲಿಕೊಂಡು, ಇದೇ ಕೋಣೆಯಲ್ಲಿ ಬನಿಯನ್ನಿನಲ್ಲಿ ನಿಂತಿದ್ದರಲ್ಲ. ಅಂಗಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಡುವವರೆಗೂ ನಿಮ್ಮಪ್ಪ ಅವರಿಗೆ ಚರಂಡಿಯ ವಿಷಯ ಕೊರೆದರು. ಪಾಪ, ಆ ಮನುಷ್ಯ ಎಲ್ಲಿ ಹೋದಾರು, ಅಂಗಿ ಇವರ ಕೈಯಲ್ಲಿತ್ತು. "ತಲೆ ಎಣಿಸೋ ಚುನಾವಣೆ ಆಗಿದ್ರೆ ಆ ಮಹಾರಾಯ ನಮ್ಮೂರಿನ ಮೇಲೆ ವಿಮಾನದಲ್ಲಿ ಹಾರಿ ಹೋಗ್ತಿದ್ದ, ನನ್ನ ಮುಂದೆ ಬನಿಯನ್ನಲ್ಲಿ ನಿಲ್ತಿದ್ನಾ?" ಎಂದು ಆಮೇಲೆ ಎಷ್ಟು ಸಲ ಹೇಳಿದರೋ. ನೀನೂ ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಪ್ಪ ಮಗ ಈ ವಿಷಯಕ್ಕೆ ವಾದ ಮಾಡುತ್ತಾ ಕೂತರೆ ನಾನು ಎರಡು ಸಲ ಅನ್ನ ಬಿಸಿ ಮಾಡಬೇಕಾಗುತ್ತಿತ್ತು. ಆ ವಾದದಲ್ಲಿ ಸಿಟ್ಟಿರಲಿಲ್ಲ.

ನಮ್ಮ ಮನೆಯ ಪದ್ಧತಿಯೂ ಅವರದೇ. ನೀವು ಚಿಕ್ಕವರಿದ್ದಾಗ ತಲೆಗೊಂದು ಗುಂಡಿ. ಅಂಗಿಗಳಿಂದ ಉದುರಿದ ಗುಂಡಿಗಳ ಡಬ್ಬಿಯಿಂದ ಬೇಕು ಎನ್ನುವವರು ಬಿಳಿಯದು, ಬೇಡ ಎನ್ನುವವರು ಕರಿಯದು ಆರಿಸಿ ಗಂಜಿಪುಡಿಯ ಖಾಲಿ ಡಬ್ಬಿಗೆ ಹಾಕಬೇಕು. ನಿಮ್ಮಪ್ಪ ಮೀಸೆ ಬಿಡುವುದನ್ನು ನಾವು ಮೂವರೂ ಸೇರಿ ಕರಿಗುಂಡಿ ಹಾಕಿ ತಪ್ಪಿಸಿದ್ದೆವು. ಆಮೇಲೆ ನಿಮ್ಮ ಮದುವೆಗಳಾದವು. ನಿನ್ನ ಮಕ್ಕಳು ಗುಂಡಿ ಹಾಕುವಷ್ಟು ದೊಡ್ಡವರಾದಾಗ ನಿನ್ನ ಮನೆಯದು ನಾಲ್ಕು, ಅಕ್ಕನ ಮನೆಯದು ಎರಡು. ಹೊಸ ಯಂತ್ರ ಕೊಳ್ಳುವ ಮಾತಿರಲಿ, ರಜೆ ಯಾವಾಗ ಎನ್ನುವ ಮಾತಿರಲಿ, ನೀನು ಅಂದುಕೊಂಡದ್ದೇ ಆಗುತ್ತಿತ್ತು. ನೀನೇನು ಬೇಕೆಂದು ಮಾಡಲಿಲ್ಲ, ನನಗೆ ಗೊತ್ತು. ಆದರೆ ಒಂದು ದಿನ ನಿಮ್ಮಕ್ಕ ಹೊದಿಕೆ ಮಡಚುತ್ತಾ, ಗೋಡೆಯ ಕಡೆ ಮುಖ ಮಾಡಿಕೊಂಡು, "ನಮ್ಮನೇಲಿ ಮಕ್ಕಳಿಲ್ಲ, ಅದಕ್ಕೆ ನಮ್ಮ ಮಾತಿಗೂ ತೂಕ ಕಡಿಮೆ" ಅಂದಳು. ನಿಮ್ಮಪ್ಪನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಹಾಗೇ ನಿಂತು ಯಾರದೋ ಪ್ಯಾಂಟು ಕರಕಲಾಯಿತು. ಮುಂದಿನ ಭಾನುವಾರವೇ ಕಾನೂನು ಬದಲಾಯಿತು. ಇನ್ನು ಮುಂದೆ ಮನೆಗೊಂದು ಗುಂಡಿ, ಮನೆಯೊಳಗೆ ಏನು ಬೇಕಾದರೂ ಕಿತ್ತಾಡಿ, ಬರುವಾಗ ಒಂದೇ ತನ್ನಿ. ನೀನು ನಕ್ಕು ಒಪ್ಪಿದ್ದೆ. ಅಕ್ಕನ ಕಣ್ಣಲ್ಲಿ ನೀರು ನೋಡಿಯೇ ನೀನು ಒಪ್ಪಿದ್ದು ಎಂದು ನಾನು ಆಗ ಹೆಮ್ಮೆಪಟ್ಟಿದ್ದೆ.

ಆ ಕೊನೆಯ ಭಾನುವಾರದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಹೃದಯದ ಕವಾಟ ಸವೆದಿದೆ, ಹೀಗೇ ಬಿಟ್ಟರೆ ವರ್ಷವೋ ಎರಡು ವರ್ಷವೋ, ಆಪರೇಷನ್ ಮಾಡಿಸಿದರೆ ಹತ್ತು ವರ್ಷವೂ ಬದುಕಬಹುದು, ಆದರೆ ಈ ವಯಸ್ಸಿಗೆ ಮೇಜಿನಿಂದ ಏಳುತ್ತಾರೆಂದು ಹೇಳಲಾರೆ ಎಂದು ಡಾಕ್ಟರು ಹೇಳಿದ್ದರು. ನಿಮ್ಮಪ್ಪ ಒಂದು ಅಂಗಿ ಇಸ್ತ್ರಿ ಮಾಡಿ ಬಟ್ಟೆಯ ಗಂಟಿನ ಮೇಲೆ ಕೂತುಬಿಡುತ್ತಿದ್ದರು. ಅವರಿಗೆ ಆಪರೇಷನ್ ಬೇಕಿತ್ತು. ಆದರೂ "ಸತ್ರೆ ಅಳೋರು ನೀವು, ಅದಕ್ಕೆ ನೀವೂ ಹೇಳಿ" ಎಂದು ಡಬ್ಬಿ ತಂದಿಟ್ಟರು. ನೀನು "ಒಂದು ವರ್ಷ ಆದ್ರೂ ನಮ್ ಜೊತೆ ಇರಿ ಅಪ್ಪ" ಎಂದು ಕರಿಯದು ಹಾಕಿದೆ, ನಿನ್ನ ಹಿಂದೆ ಸೊಸೆ, ಮಕ್ಕಳು ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಅಕ್ಕ "ಅಪ್ಪ ಹೀಗೆ ಏದುಸಿರು ಬಿಡೋದನ್ನ ದಿನಾ ನೋಡೋಕಾಗಲ್ಲ ನನ್ ಕೈಲಿ" ಎಂದು ಬಿಳಿಯದು ಹಾಕಿದಳು, ಭಾವನದೂ ಅದೇ ಮಾತು. ನಮ್ಮ ಮನೆಯ ಬಿಳಿಗುಂಡಿಯನ್ನು ನಿಮ್ಮಪ್ಪ ಹಾಕಿದರು. ನಾನು ಒಲೆಯ ಹತ್ತಿರ ಚಹಾ ಸೋಸುತ್ತಿದ್ದೆ. ಆಸ್ಪತ್ರೆಗೆ ಹೋಗುವ ದಿನ ಹಾಕಿಕೊಳ್ಳುವ ಅಂಗಿಯನ್ನು ಅವರೇ ಇಸ್ತ್ರಿ ಮಾಡಿಕೊಂಡರು, ಯಾರನ್ನೂ ಮುಟ್ಟಗೊಡಲಿಲ್ಲ. ಆಮೇಲೆ ಅವರು ಕಣ್ಣು ತೆರೆಯಲೇ ಇಲ್ಲ. ಅಂಗಿಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು.

ಹೋದ ತಿಂಗಳು ನೀನು ರೇಡಿಯೋದಲ್ಲಿ ಮಾತಾಡಿದೆ. ಅಂಗಡಿಯಲ್ಲಿ ಮೇಷ್ಟರೂ ಮೀಟರ್ ಕೂಡ ಇದ್ದರು. "ಒಂದು ಮನೆಯಲ್ಲಿ ತಂದೆಯ ಪ್ರಾಣದ ಪ್ರಶ್ನೆ ಬಂತು, ನಾಲ್ಕು ಜನ ಬೇಕು ಅಂದ್ರು, ನಾಲ್ಕು ಜನ ಬೇಡ ಅಂದ್ರು. ಸಮ ಇದ್ದಿದ್ದಕ್ಕೆ ನಿಂತು ಯೋಚನೆ ಮಾಡಬೇಕಿತ್ತು. ಆದ್ರೆ ಮನೆಗೊಂದು ಮತ ಅನ್ನೋ ಲೆಕ್ಕ ಬೇಡ ಅಂದ ನಾಲ್ಕು ಜನರನ್ನ ಒಬ್ಬರು ಮಾಡಿಬಿಡ್ತು" ಅಂದೆ. ಹೆಸರು ಹೇಳಲಿಲ್ಲ, ನಿಜ. ಆದರೆ ಈ ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ? ಮೇಷ್ಟರು ತಲೆ ತಗ್ಗಿಸಿ ಹೊರಟುಹೋದರು. ಮೀಟರ್ ರೇಡಿಯೋ ಆರಿಸಿದ. ಅಕ್ಕನೂ ಅದನ್ನು ಮನೆಯಲ್ಲಿ ಒಬ್ಬಳೇ ಕೂತು ಕೇಳಿದಳು. ಮಗನೇ, ನಿನ್ನ ವಾದ ತಪ್ಪು ಎಂದು ನಾನು ಹೇಳುತ್ತಿಲ್ಲ. ಎಣಿಸದೆ ಬಿಟ್ಟ ಮಾತು ಎಷ್ಟು ಸುಡುತ್ತದೆ ಎಂದು ನನಗೆ ಗೊತ್ತು. ಆದರೆ ಚಿಕ್ಕ ಮನೆಯ ಮಾತು ಪ್ರತಿ ಸಲವೂ ಮುಳುಗಿ ಹೋಗುವುದನ್ನೂ ನಾನೇ ನೋಡಿದ್ದೇನೆ, ಅದೂ ಸುಡುತ್ತದೆ. ಯಾವ ಲೆಕ್ಕ ಹಿಡಿದರೂ ಯಾರೋ ಒಬ್ಬರು ಗೋಡೆಯ ಕಡೆ ಮುಖ ಮಾಡುತ್ತಾರೆ. ಔಷಧಿ ಅಂಗಡಿಯ ಅಮ್ಮ ಹೇಳುವ ಹಾಗೆ ಎರಡನೇ ಸಲ ಹಾಕಿಸಿದ್ದರೆ ಏನಾಗುತ್ತಿತ್ತೋ. ನಿಮ್ಮಪ್ಪನನ್ನು ತಡೆದು ಕೂರಿಸಿದ್ದರೆ ವರ್ಷವಿಡೀ ಉಸಿರಿಗೆ ಒದ್ದಾಡುತ್ತಾ ನಮ್ಮನ್ನು ಶಪಿಸುತ್ತಿದ್ದರೋ, ಇಲ್ಲ ಮೊಮ್ಮಗಳ ಪರೀಕ್ಷೆಯ ಸುದ್ದಿ ಕೇಳಿ ಕುಣಿಯುತ್ತಿದ್ದರೋ, ನನಗೆ ಗೊತ್ತಿಲ್ಲ. ಬೆಳಗಾದರೆ ಇದೇ ಯೋಚನೆ, ಹಬೆಯ ಮುಂದೆ ನಿಂತು ಅಳುವುದು ಸುಲಭ, ಯಾರಿಗೂ ತಿಳಿಯುವುದಿಲ್ಲ.

ಅಕ್ಕ ಅಪ್ಪನನ್ನು ಕೊಲ್ಲಲು ಗುಂಡಿ ಹಾಕಲಿಲ್ಲ. ಅಪ್ಪ ಬದುಕಲಿ ಎಂದು ನೀನು ಹಾಕಿದೆ, ಅಪ್ಪ ಬದುಕಲಿ ಎಂದೇ ಅವಳೂ ಹಾಕಿದಳು. ಬಂದು ಅವಳ ಪಕ್ಕದಲ್ಲಿ ಕೂತುಕೋ, ಸಾಕು. ಕ್ಷಮೆ ಗಿಮೆ ಎಂದು ಭಾಷಣ ಬೇಡ, ಅದು ರೇಡಿಯೋಗೆ ಇರಲಿ. ಚಿಕ್ಕವನಿದ್ದಾಗ ಜ್ವರ ಬಂದರೆ ನೀನು ನನ್ನನ್ನು ಬಿಟ್ಟು ಅವಳ ಮಡಿಲಿಗೇ ಹೋಗುತ್ತಿದ್ದೆ. ಅದು ನೆನಪಿದ್ದರೆ ಸಾಕು. ಭಾನುವಾರ ನೀನು ಯಾವುದಕ್ಕೆ ಓಟು ಹಾಕಿದರೂ, ಯಾವ ಕಡೆ ಗೆದ್ದರೂ, ಮನೆಯಲ್ಲಿ ನಿನಗೆ ಊಟ ಇರುತ್ತದೆ.

ಸೊಸೆಗೆ, ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಎದೆ ಹಗುರವಾಗಲಿ, ಕೆಮ್ಮೂ ಹೋಗಲಿ, ಸಿಟ್ಟೂ ಹೋಗಲಿ. ನಿಮ್ಮ ಭಾವ ನಿನ್ನನ್ನು ಕೇಳಿದ್ದಾರೆ.

ನಿನ್ನ
ಅಮ್ಮ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬೇಗ ಗೀಚುತ್ತಿದ್ದೇನೆ. ಇದನ್ನು ಅಕ್ಕನಿಗೆ ಹೇಳಬೇಡ, ಅವಳು ತಡೆದುಕೊಳ್ಳಲಾರಳು. ರೇಡಿಯೋದಲ್ಲಿ ನೀನು ನಾಲ್ಕಕ್ಕೆ ನಾಲ್ಕು ಅಂದೆ. ಹಾಗಿರಲಿಲ್ಲ. ಬೇಡ ಅಂದವರು ಐದು ಜನ. ಆಪರೇಷನ್ ಬೇಡ, ಇರುವಷ್ಟು ದಿನ ನನ್ನ ಕಣ್ಣ ಮುಂದೆ ಇರಿ ಎಂದು ಹಿಂದಿನ ದಿನ ಅಡುಗೆಮನೆಯಲ್ಲಿ ನಿಮ್ಮಪ್ಪನ ಕೈ ಹಿಡಿದುಕೊಂಡು ಅತ್ತಿದ್ದೆ. "ಮನೆಗೆ ಒಂದೇ ಅಲ್ವೇನೇ, ಈ ಸಲ ನನ್ನದು ಹಾಕ್ತೀನಿ, ಬೇಜಾರು ಮಾಡ್ಕೋಬೇಡ" ಅಂದರು. ಅವರ ಮೇಲೆ ನನಗೆ ಕೋಪವಿಲ್ಲ, ಪ್ರಾಣ ಅವರದು. ಆದರೆ ನೀನು, ಪ್ರತಿಯೊಬ್ಬರ ಮಾತನ್ನೂ ಬಿಡಿಬಿಡಿಯಾಗಿ ಎಣಿಸಬೇಕು ಎಂದು ಊರೂರು ಅಲೆಯುತ್ತಿರುವ ನನ್ನ ಮಗ, ನನ್ನನ್ನು ಅಪ್ಪನ ಜೊತೆ ಸೇರಿಸಿ ಎಣಿಸಿಬಿಟ್ಟೆ. ಅಮ್ಮಾ, ನಿನ್ನದು ಯಾವುದು ಎಂದು ಇವತ್ತಿನವರೆಗೂ ನೀನೂ ಕೇಳಲಿಲ್ಲ.