ಕಿವುಡರ ಸಾಲಿನ ಬಟ್ಟೆ

ಗಿರಣಿ ಹಿಂದಿನ ಓಣಿ
ಮಾರ್ಚ್ 9, ಸೋಮವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಕೂತು ಬರೆಯುವವನು ಆಗಾಗ ಎದ್ದು ಓಡಾಡಬೇಕು ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವನಲ್ಲ. ನಾನು ಚೆನ್ನಾಗಿದ್ದೇನೆ.

ಗಿರಣಿಯ ನೂರು ವರ್ಷದ ಪುಸ್ತಕಕ್ಕೆ ನೀನು ಬರೆದ ಹಾಳೆಗಳು ತಲುಪಿದವು. ಕಾಗುಣಿತ ನೋಡಿಕೊಡು ಎಂದು ಕೇಳಿದ್ದೀಯ. ಕಾಗುಣಿತ ಸರಿಯಿದೆ. ಸುಳ್ಳೂ ಅಚ್ಚುಕಟ್ಟಾಗಿದೆ. ‘ಕಿವುಡು’ ಬಟ್ಟೆಗೆ ಆ ಹೆಸರು ಬಂದದ್ದು ಅದರ ದಪ್ಪದಿಂದ, ಪರದೆಯಾಗಿ ಕಟ್ಟಿದರೆ ಹೊರಗಿನ ಸದ್ದು ಒಳಗೆ ಬರದು, ಗಿರಾಕಿಗಳೇ ಮೆಚ್ಚಿ ಇಟ್ಟ ಹೆಸರು ಎಂದು ಬರೆದಿದ್ದೀಯ. ಯಾರು ಹೇಳಿದರು ನಿನಗೆ? ಮ್ಯಾನೇಜರೇ?

ಅಪ್ಪ ಹದಿನೆಂಟು ವರ್ಷ ನಿಂತದ್ದು ಹಿಂದಿನ ಶೆಡ್ಡಿನ ಕೊನೆಯ ಸಾಲಿನಲ್ಲಿ. ಆ ದಪ್ಪ ಬಟ್ಟೆ ನೇಯಲು ಪ್ರತಿ ಎಳೆಗೂ ಮಗ್ಗ ಎರಡು ಸಲ ಬಡಿಯಬೇಕಿತ್ತು. ಆ ಸಾಲಿಗೆ ಹೋದವರಿಗೆ ಹತ್ತು ವರ್ಷದಲ್ಲಿ ಕಿವಿ ಹೋಗುತ್ತಿತ್ತು. ಮಗ್ಗ ಸರಿಯಾಗಿ ಓಡುತ್ತಿದೆಯೇ ಎಂಬುದನ್ನು ಅದರ ಮರಕ್ಕೆ ಅಂಗೈಯೊತ್ತಿ, ನಡುಕದಿಂದಲೇ ತಿಳಿಯುತ್ತಿದ್ದರು. ಮೊದಲು ಅದು ಕಿವುಡರ ಸಾಲು, ಆಮೇಲೆ ಕಿವುಡರ ಬಟ್ಟೆ, ಅಂಗಡಿಗೆ ಬರುವಷ್ಟರಲ್ಲಿ “ಎರಡು ಗಜ ಕಿವುಡು ಕೊಡಿ.” ಜನ ಹಾಸಿಗೆಗೆ ಹೊಲಿಸಿದರು, ಪರದೆ ಕಟ್ಟಿದರು, ಹೆಸರಿನೊಳಗಿದ್ದ ಮನುಷ್ಯರನ್ನು ಮರೆತರು. ನೀನೂ ಮರೆತೆಯಾ? ಊಟದ ಹೊತ್ತಿಗೆ ಅಪ್ಪ ಮೇಜಿನ ಮೇಲೆ ಅಂಗೈ ಊರಿ ಕೂರುತ್ತಿದ್ದರು. ನೀನು ಅಡಿಯಿಂದ ಕುಟ್ಟಿದರೆ ತಿರುಗಿ ನೋಡಿ ನಗುತ್ತಿದ್ದರು. ಅಮ್ಮ ಅನ್ನುತ್ತಿದ್ದಳು: “ನಿಮ್ಮಪ್ಪಂಗೆ ಒಂದು ಗುಟ್ಟು ಹೇಳ್ಬೇಕಂದ್ರೆ ಬೀದಿಗೆಲ್ಲ ಡಂಗುರ ಹೊಡೀಬೇಕು ಕಣೋ.” ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಕಿವಿ ಕಳೆದುಕೊಂಡ ಹದಿನಾರು ಮಂದಿ ತನಿಖೆ ಬೇಕೆಂದು ಅರ್ಜಿ ಹಾಕಿದ್ದಾರೆ. ಶೆಡ್ಡಿನಲ್ಲಿ ಅಂಥ ಸದ್ದೇ ಇರಲಿಲ್ಲ ಎನ್ನುತ್ತಾರೆ ಗಿರಣಿಯವರು. ಬಟ್ಟೆಯ ಹೆಸರೇ ಸಾಕ್ಷಿ ಎನ್ನುತ್ತಾರೆ ಇವರು. ನಿನ್ನ ಪುಟ ಅಚ್ಚಾದರೆ ಆ ಸಾಕ್ಷಿಯೂ ಹೋಯಿತು. ಬೇರೆ ಯಾರೋ ಬರೆದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಬರೆದವನು ಅಪ್ಪನ ಮಗ. ಆ ಪುಟ ತಿದ್ದು. ತಿದ್ದಲು ಬಿಡದಿದ್ದರೆ ಪುಸ್ತಕದಿಂದ ನಿನ್ನ ಹೆಸರು ತೆಗೆಸು.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ನಿನಗೆ ಒಳ್ಳೆಯದಾಗಲಿ, ಸಿಟ್ಟಿನಲ್ಲೂ ಅದನ್ನೇ ಬಯಸುತ್ತೇನೆ.

ನಿನ್ನ ಅಕ್ಕ

ಹೇಳಲು ಮರೆತೆ: ಫೋನ್ ಮಾಡಬೇಡ, ಕಾಗದವನ್ನೇ ಬರೆ. ನಾನೂ ಅದೇ ಸಾಲಿನಲ್ಲಿ ಹನ್ನೊಂದು ವರ್ಷ ನಿಂತವಳಲ್ಲವೇ. ಈಗ ಕದಕ್ಕೆ ಅಂಗೈಯೊತ್ತಿದರೆ ಯಾರೋ ತಟ್ಟುತ್ತಿದ್ದಾರೆಂದು ತಿಳಿಯುತ್ತದೆ, ಅಷ್ಟೇ. ಹದಿನಾರನೆಯ ಅರ್ಜಿ ನನ್ನದು.